ಹೂಜಿಯಿಂದ ಕಂಪ್ಯೂಟರ್ ಫ್ಯಾನ್‌ವರೆಗೆ: ಮೀನಿನ ತೊಟ್ಟಿ ತಣ್ಣಗಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇತಿಹಾಸ ಅಂದ್ರೆ ಯುದ್ಧ, ರಾಜ, ಇಸವಿ ಅಂತ ನಿರೀಕ್ಷೆ ಮಾಡೋರಿಗೆ ಇವತ್ತಿನ ವಿಷಯ ಸ್ವಲ್ಪ ಸಣ್ಣದು ಅನ್ನಿಸಬಹುದು. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿರೋ ಮೀನಿನ ತೊಟ್ಟಿ. ಎರಡು ಅಡಿ ಗಾಜು, ನಲವತ್ತು ಐವತ್ತು ಲೀಟರ್ ನೀರು, ನಾಲ್ಕು ಗಪ್ಪಿ, ಎರಡು ಗೋಲ್ಡ್ ಫಿಶ್. ಏಪ್ರಿಲ್ ತಿಂಗಳಲ್ಲಿ ಅದನ್ನ ತಣ್ಣಗೆ ಇಡೋದು ಹೇಗೆ, ಮತ್ತು ಆ ಉಪಾಯ ನಮ್ಮ ಕೈಗೆ ಎಲ್ಲಿಂದ ಬಂತು. ಇಷ್ಟೇ ಇವತ್ತಿನ ಕಥೆ. ಆದರೆ ಈ ಕಥೆ 12ನೇ ಶತಮಾನದ ಕಲ್ಯಾಣಕ್ಕೂ ಹೋಗುತ್ತೆ, ಕೇಂಬ್ರಿಜ್‌ಗೂ ಹೋಗುತ್ತೆ, ಬೆಂಗಳೂರಿನ ಎಸ್.ಪಿ. ರೋಡಿಗೂ ಹೋಗುತ್ತೆ.

ನಾನು ಮಾತಾಡ್ತಿರೋದು ಮಾಲೇಕಲ್ಲಿನಿಂದ. ಅರಸೀಕೆರೆ ಪಕ್ಕದ ಊರು. ಬೆಟ್ಟದ ಮೇಲೆ ವೆಂಕಟರಮಣಸ್ವಾಮಿ ದೇವಸ್ಥಾನ ಇರೋದರಿಂದ ಮಾಲೇಕಲ್ಲು ತಿರುಪತಿ, ಚಿಕ್ಕ ತಿರುಪತಿ ಅಂತಲೂ ಕರೀತಾರೆ. ಹಾಸನ ಜಿಲ್ಲೆ ಅಂದ ಕೂಡಲೇ ಹೊರಗಿನೋರು ಸಕಲೇಶಪುರದ ಕಾಫಿ ತೋಟ, ಮಂಜು, ಜಿಟಿಜಿಟಿ ಮಳೆ ನೆನಪಿಸ್ಕೊಳ್ತಾರೆ. ಅದು ಜಿಲ್ಲೆಯ ಪಶ್ಚಿಮದ ತುದಿ. ನಾವು ಪೂರ್ವದವರು, ಬಯಲುಸೀಮೆ. ತೆಂಗು, ರಾಗಿ, ಒಣಗಾಳಿ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರ ಇದ್ದರೂ ಮಾರ್ಚ್ ಬಂತು ಅಂದ್ರೆ ನೆಲ ಕಾದ ಹಂಚು.

ಮೊದಲು ಮೀನಿಗೆ ಏನಾಗುತ್ತೆ ಅಂತ ನೋಡೋಣ. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ನೋಡಿದರೆ ಮೀನುಗಳೆಲ್ಲಾ ಮೇಲೆ ಬಂದು ಬಾಯಿ ಬಿಡ್ತಾ ಇರ್ತವೆ. ಮನೆಯವರು "ಪಾಪ, ಹಸಿವಾಗಿದೆ" ಅಂತ ಇನ್ನೊಂದು ಚಿಟಿಕೆ ಫುಡ್ ಹಾಕ್ತಾರೆ. ಹಸಿವಲ್ಲ, ಅವುಗಳಿಗೆ ಉಸಿರು ಕಟ್ತಿದೆ. ಹಾಕಿದ ಫುಡ್ ಕೊಳೆತು ಉಳಿದಿದ್ದ ಆಮ್ಲಜನಕವನ್ನೂ ತಿಂದುಹಾಕುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗೋದು ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತೆ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಏಳಕ್ಕೂ ಸ್ವಲ್ಪ ಕೆಳಗೆ. ಇತ್ತ ಬಿಸಿಗೆ ಮೀನಿನ ಮೈಯ ಕೆಲಸಗಳೆಲ್ಲ ಜೋರಾಗಿ, ಅದಕ್ಕೆ ಬೇಕಾದ ಆಮ್ಲಜನಕ ಜಾಸ್ತಿಯಾಗುತ್ತೆ. ಸಂಬಳ ಕಡಿಮೆ ಆದ ತಿಂಗಳೇ ಖರ್ಚು ಹೆಚ್ಚಾದ ಹಾಗೆ. ರಾತ್ರಿ ಹೊತ್ತು ತೊಟ್ಟಿಯ ಗಿಡಗಳೂ ಆಮ್ಲಜನಕ ಕೊಡೋದು ಬಿಟ್ಟು ತಗೊಳ್ಳೋಕೆ ಶುರು ಮಾಡ್ತವೆ. ಅದಕ್ಕೇ ಬೆಳಗಿನ ಜಾವ ಈ ಪರದಾಟ.

ಹಾಗಾದರೆ ತಣ್ಣಗೆ ಮಾಡೋದು ಹೇಗೆ? ಪೇಟೆಯಲ್ಲಿ ಅಕ್ವೇರಿಯಂ ಅಂಗಡಿಗೆ ಹೋಗಿ ಕೇಳಿ ನೋಡಿ. ಹೀಟರ್ ಬೇಕಾದಷ್ಟು ಸಿಗುತ್ತೆ, ಕೂಲರ್ ಸಿಗಲ್ಲ. ಸಿಕ್ಕರೂ ಚಿಲ್ಲರ್ ಅಂತ ಫ್ರಿಜ್ ಥರದ ಯಂತ್ರ ತೋರಿಸ್ತಾರೆ, ಅದರ ರೇಟಿಗೆ ಹತ್ತು ತೊಟ್ಟಿ ಮೀನು ಬರುತ್ತೆ. ಬಯಲುಸೀಮೆಯ ಅಂಗಡಿಯಲ್ಲಿ ಹೀಟರ್ ರಾಶಿ ಬಿದ್ದಿರೋದು ಯಾಕೆ ಅನ್ನೋದಕ್ಕೆ ಒಂದು ಇತಿಹಾಸ ಇದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಸಂತೆಗೆ ಹೋಗೋಣ.

ಬೇಸಿಗೆ ಸಂತೆಯಲ್ಲಿ ಮಡಕೆ ಮಾರೋ ಅಜ್ಜಿ ಹತ್ರ ಒಂದು ಸಲ ಹೂಜಿ ನೋಡ್ತಾ ಇದ್ದೆ. ನೀರು ತುಂಬಿಟ್ಟಿದ್ದ ಹೂಜಿಯ ಹೊಟ್ಟೆಯೆಲ್ಲಾ ಒದ್ದೆ.

"ಅಜ್ಜಿ, ಇದು ಸೋರ್ತಾ ಇದೆಯಲ್ಲ?" ಅಂದೆ.

"ಸೋರದಲ್ಲ ಕಣಪ್ಪ, ಬೆವರ್ತದೆ. ಬೆವರದೇ ಇರೋ ಮಡಕೆ ತಗಂಡೋಗಿ ಏನ್ ಮಾಡ್ತೀಯ, ನೀರು ಹಂಗೇ ಬೆಚ್ಚಗಿರ್ತದೆ."

ಇವತ್ತಿನ ಸಂಚಿಕೆಯ ಫಿಸಿಕ್ಸ್ ಇಷ್ಟೇ. ಮಣ್ಣಿನ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಹೊರಗೆ ಒಸರುತ್ತೆ, ಒಣಗಾಳಿಗೆ ಆವಿಯಾಗುತ್ತೆ. ಆವಿಯಾಗೋಕೆ ಶಾಖ ಬೇಕು, ಆ ಶಾಖವನ್ನ ಒಳಗಿರೋ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತೆ. ಒಳಗಿನ ನೀರು ತಣ್ಣಗಾಗುತ್ತೆ. ಕುಂಬಾರರಿಗೆ ಇದು ಪಾಠ ಓದಿ ಬಂದ ವಿದ್ಯೆ ಅಲ್ಲ. ಹೂಜಿಗೆ ಮಣ್ಣು ಎಷ್ಟು ಹದ ಮಾಡಬೇಕು, ಅದಕ್ಕೆ ಮರಳು ಎಷ್ಟು ಸೇರಿಸಬೇಕು, ಎಷ್ಟು ಸುಡಬೇಕು ಅಂತ ಕೈಗೆ ಗೊತ್ತು. ಜಾಸ್ತಿ ಸುಟ್ಟರೆ ರಂಧ್ರ ಮುಚ್ಚುತ್ತೆ, ಕಡಿಮೆ ಸುಟ್ಟರೆ ನಿಜವಾಗಿಯೂ ಸೋರುತ್ತೆ.

ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡೋ ಅರವಟ್ಟಿಗೆ ಗೊತ್ತಲ್ಲ? ಈಗಲೂ ನಮ್ಮ ಊರುಗಳಲ್ಲಿ ಚಪ್ಪರ ಹಾಕಿ, ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಇಡ್ತಾರೆ. ಅದೇನೂ ಮೊನ್ನೆ ಮೊನ್ನೆ ಹುಟ್ಟಿದ ಸಮಾಜಸೇವೆ ಅಲ್ಲ. ಕನ್ನಡ ಶಾಸನಗಳಲ್ಲಿ ಅರವಂಟಿಗೆ ಅನ್ನೋ ಮಾತು ಬರುತ್ತೆ, ಅದಕ್ಕೆ ದತ್ತಿ ಬಿಟ್ಟ ಲೆಕ್ಕ ಬರುತ್ತೆ. ತಣ್ಣೀರು ಕೊಡೋದಕ್ಕೆ ಬಜೆಟ್ ಇತ್ತು ಅಂತ ಅರ್ಥ. ಬಿಕಾಂ ಓದಿದವನಿಗೆ ಶಾಸನದಲ್ಲಿ ಮೊದಲು ಕಣ್ಣಿಗೆ ಬೀಳೋದು ಇಂಥ ಸಾಲುಗಳೇ.

ಮೀನು ಸಾಕೋದು ಮಾತ್ರ ಇಂಗ್ಲಿಷರಿಂದ ಬಂದಿದ್ದು ಅಂತ ನಾವು ಅಂದ್ಕೊಂಡಿದ್ದೀವಿ. ಅರ್ಧ ಸರಿ. ಕಲ್ಯಾಣದ ಚಾಳುಕ್ಯರ ಮೂರನೇ ಸೋಮೇಶ್ವರ, ಅಂದ್ರೆ ನಮ್ಮ ಹೊಯ್ಸಳ ವಿಷ್ಣುವರ್ಧನನ ಕಾಲದವನೇ, ಸಂಸ್ಕೃತದಲ್ಲಿ ಮಾನಸೋಲ್ಲಾಸ ಅನ್ನೋ ದೊಡ್ಡ ಗ್ರಂಥ ಬರೆಸಿದ. ರಾಜನಾದವನು ಹೇಗೆ ಬದುಕಬೇಕು, ಏನು ತಿನ್ನಬೇಕು, ಹೊತ್ತು ಹೇಗೆ ಕಳೀಬೇಕು, ಎಲ್ಲ ಅದರಲ್ಲಿದೆ. ಅದರಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಭಾಗ. ಎಷ್ಟು ಜಾತಿಯ ಮೀನು, ಯಾವುದಕ್ಕೆ ಯಾವ ಥರದ ಉಂಡೆ ಹಾಕಬೇಕು, ಗಾಳ ಹೇಗಿರಬೇಕು ಅಂತ ವಿವರ. ನಿಜ ಹೇಳಬೇಕಂದ್ರೆ ಅದು ಮೀನು ಹಿಡಿಯೋ ಮೋಜಿನ ಅಧ್ಯಾಯ, ಸಾಕೋ ಪ್ರೀತಿಯದ್ದಲ್ಲ. ಆದರೂ ಮೀನಿನ ಸ್ವಭಾವ ಗಮನಿಸಿ, ವಿಂಗಡಿಸಿ, ಬರೆದಿಡೋ ಶ್ರದ್ಧೆ ಸುಮಾರು 900 ವರ್ಷದ ಹಿಂದೆ ಇದೇ ನಾಡಲ್ಲಿತ್ತು.

ಆಗಿನ ಮೀನು ಇದ್ದಿದ್ದು ಕೆರೆಯಲ್ಲಿ, ಹೊಳೆಯ ಮಡುವಿನಲ್ಲಿ, ದೇವಸ್ಥಾನದ ಕಲ್ಯಾಣಿಯಲ್ಲಿ. ಶೃಂಗೇರಿಯ ತುಂಗಾ ತೀರದಲ್ಲಿ ಇವತ್ತಿಗೂ ಭಕ್ತರು ಅಕ್ಕಿ, ಪುರಿ ಹಾಕ್ತಾರಲ್ಲ, ಆ ಮೀನುಗಳಿಗೆ ಯಾರೂ ಫ್ಯಾನ್ ಇಟ್ಟಿಲ್ಲ. ಹೊಳೆ ಹರೀತಿದೆ, ಮರದ ನೆರಳಿದೆ, ಬಿಸಿಲು ಏರಿದರೆ ಆಳಕ್ಕೆ ಇಳೀಬಹುದು. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ನೋಡಿಲ್ಲ ಅಂದ್ರೆ ಬೇಲೂರು ಹಳೇಬೀಡು ಟ್ರಿಪ್ಪಲ್ಲಿ ಅರ್ಧ ಗಂಟೆ ಅದಕ್ಕೂ ಇಡಿ. ಮಟಮಟ ಮಧ್ಯಾಹ್ನ ಮೆಟ್ಟಿಲು ಇಳೀತಾ ಹೋದ ಹಾಗೆ ತಂಪು ಕಾಲಿಗೆ ಗೊತ್ತಾಗುತ್ತೆ. ಕೆಳಗೆ ಇಳಿದಷ್ಟೂ ಕಲ್ಲಿನ ನೆರಳು, ಸುತ್ತ ತಣ್ಣನೆಯ ಮಣ್ಣು.

ನೀರು ಆಳವಾಗಿದ್ದಾಗ, ಮಣ್ಣು ಕಲ್ಲಿನ ಮಧ್ಯೆ ಇದ್ದಾಗ ಬಿಸಿ ಒಂದು ಸಮಸ್ಯೆ ಆಗಿರಲಿಲ್ಲ. ಮೀನನ್ನ ಗಾಜಿನೊಳಗೆ ಹಾಕಿದ ದಿನದಿಂದ ತೊಂದರೆ ಶುರುವಾಯ್ತು. ಯೋಚನೆ ಮಾಡಿ. ಗಾಜು ಬೆವರಲ್ಲ. ಮಡಕೆಗೆ ಸುತ್ತಲೂ ಆವಿಯಾಗೋ ಚರ್ಮ ಇತ್ತು. ಗಾಜಿನ ತೊಟ್ಟಿಗೆ ಉಳಿದಿದ್ದು ಮೇಲಿನ ಬಾಯಿ ಒಂದೇ, ಅದಕ್ಕೂ ನಾವು ಲೈಟ್ ಕೂರಿಸಿದ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ವಿ. ಸುತ್ತಲಿಂದ ಶಾಖ ಒಳಗೆ ಬರೋಕೆ ನಾಲ್ಕು ಗೋಡೆ, ಹೊರಗೆ ಹೋಗೋಕೆ ಇದ್ದ ಬಾಗಿಲೂ ಬಂದ್.

ಈ ಗಾಜಿನ ಕಥೆ ಯಾವಾಗ ಶುರುವಾಯ್ತು? ಚೀನಾದವರು ಗೋಲ್ಡ್ ಫಿಶ್ ಸಾಕಿದ್ದು ಗಾಜಲ್ಲಲ್ಲ, ಅಗಲ ಬಾಯಿಯ ಮಣ್ಣಿನ, ಪಿಂಗಾಣಿಯ ತೊಟ್ಟಿಗಳಲ್ಲಿ. ಪಕ್ಕದಿಂದ ನೋಡ್ತಿರಲಿಲ್ಲ, ಮೇಲಿಂದ ನೋಡ್ತಿದ್ರು. 1832ರಲ್ಲಿ ಜಾನ್ ವಿಲ್‌ಪ್ರೂ-ಪವರ್ ಅನ್ನೋ ಫ್ರೆಂಚ್ ಹೆಣ್ಣುಮಗಳು ಇಟಲಿಯ ಸಿಸಿಲಿಯಲ್ಲಿ ಕಡಲಜೀವಿಗಳನ್ನ ಪಕ್ಕದಿಂದ ನೋಡಬೇಕು ಅಂತ ಗಾಜಿನ ತೊಟ್ಟಿ ಮಾಡಿಸಿದಳು. ಅವಳು ಮೊದಲು ಬಟ್ಟೆ ಹೊಲಿಯೋ ಕೆಲಸದಲ್ಲಿದ್ದವಳು, ಆಮೇಲೆ ವಿಜ್ಞಾನಿಯಾದಳು. ಅವಳ ಮೇಲೆ ಬೇರೆಯೇ ಒಂದು ಸಂಚಿಕೆ ಮಾಡಬೇಕು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್ ಫಿಶ್, ನೀರಿನ ಗಿಡ, ಬಸವನಹುಳು ಹಾಕಿ, ನೀರು ಬದಲಾಯಿಸದೇ ಮೀನು ಬದುಕಿಸಬಹುದು ಅಂತ ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನಿನ ಮನೆ ತೆರೀತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಅನ್ನೋ ಪದವೇ ಮನೆಮಾತಾಯ್ತು.

ಅಂಥ ಚಳಿದೇಶದಲ್ಲೂ ಬೇಸಿಗೆ ಬಿಸಿ ತಲೆನೋವಾಗಿತ್ತು ಅನ್ನೋದು ನಂಗೆ ತುಂಬಾ ಇಷ್ಟವಾದ ವಿಷಯ. ವಿಲಿಯಂ ಆಲ್ಫರ್ಡ್ ಲಾಯ್ಡ್ ಅಂತ ಒಬ್ಬ ಇದ್ದ, ಅಕ್ವೇರಿಯಂ ಕಟ್ಟೋದರಲ್ಲಿ ಆ ಕಾಲದ ದೊಡ್ಡ ಹೆಸರು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂ ಕಟ್ಟುವಾಗ ಅವನು ನೆಲದಡಿ, ಕತ್ತಲಲ್ಲಿ, ದೊಡ್ಡ ನೀರಿನ ತೊಟ್ಟಿ ಮಾಡಿಸಿದ. ಜನ ನೋಡೋ ಗಾಜಿನ ತೊಟ್ಟಿಗಳಿಗಿಂತ ಅದು ಎಷ್ಟೋ ಪಟ್ಟು ದೊಡ್ಡದು. ಮೇಲಿನ ನೀರು ಕೆಳಗೆ ಹೋಗಿ ತಣ್ಣಗಾಗಿ ಮತ್ತೆ ಪಂಪಿನಲ್ಲಿ ಮೇಲೆ ಬರ್ತಿತ್ತು. ಅಂದ್ರೆ ಏನು? ಹುಲಿಕೆರೆ ಕಲ್ಯಾಣಿಯ ಲೆಕ್ಕವೇ. ಆಳ, ಕತ್ತಲು, ಮಣ್ಣು. ಅವನಿಗೆ ನಮ್ಮ ಕಲ್ಯಾಣಿ ಗೊತ್ತಿತ್ತು ಅಂತ ಹೇಳ್ತಿಲ್ಲ, ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ. ಒಂದೇ ಕಷ್ಟಕ್ಕೆ ಎರಡು ಕಡೆ ಒಂದೇ ಉತ್ತರ ಹೊಳೆದಿದೆ, ಅಷ್ಟೇ.

ಆಮೇಲೆ ಉಷ್ಣವಲಯದ ಮೀನುಗಳು ಯುರೋಪಿಗೆ ಹೋದವು. ಥಾಯ್ಲೆಂಡಿನ ಬೆಟ್ಟ ಮೀನು, ದಕ್ಷಿಣ ಅಮೆರಿಕದ ಗಪ್ಪಿ, ಟೆಟ್ರಾ. ಅಲ್ಲಿನ ಚಳಿಗೆ ಅವು ಸಾಯ್ತವೆ, ಹಾಗಾಗಿ ಹೀಟರ್. ಹವ್ಯಾಸದ ಪುಸ್ತಕಗಳನ್ನ ಬರೆದವರು ಚಳಿದೇಶದವರು, ಆ ಪುಸ್ತಕದ ಜೊತೆ ಹೀಟರೂ ಇಲ್ಲಿಗೆ ಬಂತು. ಅಂಗಡಿಯಲ್ಲಿ ರಾಶಿ ಬಿದ್ದಿರೋ ಹೀಟರಿನ ಇತಿಹಾಸ ಇದು. ನಮ್ಮೂರಲ್ಲಿ ಡಿಸೆಂಬರ್ ಜನವರಿ ರಾತ್ರಿಗಳಲ್ಲಿ ಅದು ಬೇಕಾಗುತ್ತೆ, ಇಲ್ಲ ಅನ್ನಲ್ಲ. ಆದರೆ "ಟ್ರಾಪಿಕಲ್ ಮೀನು ಅಲ್ವಾ, ಬಿಸಿ ತಡ್ಕೊಳ್ಳುತ್ತೆ ಬಿಡಿ" ಅನ್ನೋ ಮಾತು ನಂಬಬೇಡಿ. ಅವುಗಳ ಊರಿನ ನೀರು ಕಾಡಿನ ನೆರಳಲ್ಲಿರುತ್ತೆ. ಗಪ್ಪಿ, ಬೆಟ್ಟ 28 ಡಿಗ್ರಿವರೆಗೆ ಆರಾಮ. ಗೋಲ್ಡ್ ಫಿಶ್ ಅಂತೂ ತಣ್ಣೀರಿನದ್ದೇ, 24 ದಾಟಿದರೆ ಅದಕ್ಕೆ ಕಷ್ಟ. ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಮಿಸ್ ಕೇರಳ ಅಂತ ಮಾರ್ತಾರಲ್ಲ, ಕೆಂಪು ಪಟ್ಟಿ ಇರೋದು, ಅದು ಕೇರಳ ಮತ್ತು ದಕ್ಷಿಣ ಕರ್ನಾಟಕದ ತಣ್ಣನೆಯ ಹರಿಯೋ ತೊರೆಗಳದ್ದು. ಈಗ ಅಳಿವಿನಂಚಿನಲ್ಲಿರೋ ಜಾತಿ. ಅದನ್ನ ತಂದು ಮೇ ತಿಂಗಳಲ್ಲಿ ಬಯಲುಸೀಮೆಯ ಗಾಜಿನ ಡಬ್ಬಿಗೆ ಹಾಕೋದು ನನ್ನ ಪ್ರಕಾರ ಅನ್ಯಾಯ. ಯಾರಾದರೂ ಬೇಜಾರಾದರೆ ಆಗಲಿ.

ಮನೆಯೂ ಬದಲಾಗಿದೆ. 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕೆಂಪು ಹೆಂಚು ನಮ್ಮ ಕಡೆಯ ಮಣ್ಣುಗೋಡೆ ಮನೆಗಳ ಮೇಲೂ ಏರಿತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗ್ತಿತ್ತು. ಈಗ ಆರ್‌ಸಿಸಿ. ಹಗಲೆಲ್ಲಾ ಕಾದ ತಾರಸಿ ರಾತ್ರಿ ಹನ್ನೊಂದರವರೆಗೂ ಶಾಖ ಬಿಡ್ತಾನೇ ಇರುತ್ತೆ. ನಾವು ಹೊರಗೆ ಚಾಪೆ ಹಾಸ್ಕೊಂಡು ಮಲಗಬಹುದು, ಮೀನು ಎಲ್ಲಿಗೆ ಹೋಗುತ್ತೆ?

ಈಗ ಗಾಳಿಯ ಕಡೆ ಬರೋಣ. ಹೂಜಿ ತಾನಾಗಿ ಬೆವರುತ್ತೆ, ಗಾಳಿ ಬೀಸಿದರೆ ಇನ್ನೂ ಬೇಗ ತಣ್ಣಗಾಗುತ್ತೆ. ಇದು ಗೊತ್ತಾಗಬೇಕಾದರೆ ಆಷಾಢದಲ್ಲಿ ಮಾಲೇಕಲ್ಲು ಬೆಟ್ಟ ಹತ್ತಬೇಕು. ತೇರಿನ ಸಮಯ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅರ್ಧ ದಾರಿಗೆ ಅಂಗಿ ಬೆನ್ನಿಗೆ ಅಂಟಿರುತ್ತೆ. ಮೇಲೆ ಹೋಗಿ ನಿಂತ ಒಂದು ನಿಮಿಷಕ್ಕೆ ಆಷಾಢದ ಗಾಳಿ ಹೊಡೆದು ಮೈ ನಡುಗುತ್ತೆ. ಬಿಸಿಲು ಅದೇ, ಮೈ ಅದೇ. ಬೆವರು ಆರಿದ ವೇಗ ಮಾತ್ರ ಬೇರೆ. ಚರ್ಮಕ್ಕೆ ಅಂಟಿಕೊಂಡಿದ್ದ ತೇವದ ಗಾಳಿಯನ್ನ ಗಾಳಿ ತಳ್ಳಿಕೊಂಡು ಹೋಗಿ ಒಣಗಾಳಿ ತಂದಿಡುತ್ತೆ, ಬೆವರು ಮತ್ತೆ ಆವಿಯಾಗುತ್ತೆ.

ಇದನ್ನ ಅಳತೆ ಮಾಡಿ ನೋಡಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಅಮೆರಿಕದ ನೋಟಿನ ಮೇಲಿದ್ದಾನಲ್ಲ, ಅವನೇ. 1758ರಲ್ಲಿ ಕೇಂಬ್ರಿಜ್‌ನಲ್ಲಿ ಜಾನ್ ಹ್ಯಾಡ್ಲಿ ಜೊತೆ ಸೇರಿ, ಥರ್ಮಾಮೀಟರಿನ ಬುರುಡೆಗೆ ಈಥರ್ ಸವರೋದು, ತಿದಿಯಿಂದ ಗಾಳಿ ಊದೋದು, ಮತ್ತೆ ಸವರೋದು, ಮತ್ತೆ ಊದೋದು, ಹೀಗೆ ಮಾಡ್ತಾ ಹೋದರು. ಕೋಣೆ ಇದ್ದಿದ್ದು ಸುಮಾರು 18 ಡಿಗ್ರಿ. ಥರ್ಮಾಮೀಟರ್ ಮೈನಸ್ 14ರ ಹತ್ತಿರಕ್ಕೆ ಇಳಿದು ಬುರುಡೆಯ ಸುತ್ತ ಮಂಜುಗಡ್ಡೆ ಕಟ್ಟಿತು. ಸುಡು ಬಿಸಿಲಲ್ಲಿ ಕೊಯ್ಲು ಮಾಡೋ ಕೂಲಿಗಳು ಬೆವರ್ತಾ ಇರೋವರೆಗೆ ಹೇಗೆ ತಡ್ಕೊಳ್ತಾರೆ ಅಂತಲೂ ಅದೇ ವರ್ಷದ ಪತ್ರದಲ್ಲಿ ಬರೆದ. ನಮ್ಮ ಮಡಕೆ ಅಜ್ಜಿ ಅದನ್ನ ಓದಿದ್ದರೆ "ಅದಕ್ಕೇನು ಅಂಥ ಪತ್ರ" ಅಂತಿದ್ರೇನೋ.

ಇಂಡಿಯಾಕ್ಕೆ ಬಂದ ಇಂಗ್ಲಿಷರು ಇಲ್ಲಿನ ಲಾವಂಚದ ತಟ್ಟಿ ನೋಡಿದರು. ಬಾಗಿಲು ಕಿಟಕಿಗೆ ಲಾವಂಚದ ಬೇರಿನ ಚಾಪೆ ಕಟ್ಟಿ ನೀರು ಚಿಮುಕಿಸಿದರೆ ಒಳಗೆ ಬರೋ ಗಾಳಿ ತಂಪು, ಜೊತೆಗೆ ಘಮ. ಆದರೆ ಗಾಳಿ ಬೀಸದಿದ್ದರೆ ಏನು ಮಾಡೋದು? ಅದಕ್ಕೊಂದು ಯಂತ್ರ ಮಾಡಿದರು, ಥರ್ಮಾಂಟಿಡೋಟ್ ಅಂತ ಹೆಸರು. ದೊಡ್ಡ ಮರದ ಪೆಟ್ಟಿಗೆ, ಒಳಗೆ ರೆಕ್ಕೆ, ಪಕ್ಕಕ್ಕೆ ಒದ್ದೆ ಲಾವಂಚದ ತಟ್ಟಿ. ಅಲಹಾಬಾದಿನಲ್ಲಿದ್ದ ಫ್ಯಾನಿ ಪಾರ್ಕ್ಸ್ ಅನ್ನೋ ಮಹಿಳೆ 1830ರ ದಶಕದ ತನ್ನ ದಿನಚರಿಯಲ್ಲಿ ಈ ಯಂತ್ರದ ಬಗ್ಗೆ ಬರೆದಿದ್ದಾಳೆ. ಈಗಿನ ಏರ್ ಕೂಲರಿನ ಅಜ್ಜ ಅನ್ನಬಹುದು.

ಆದರೆ ಕರೆಂಟ್ ಇಲ್ಲದ ಕಾಲ. ರೆಕ್ಕೆ ತಿರುಗಿಸೋರು ಯಾರು? ಹೊರಗೆ ಬಿಸಿಲಲ್ಲಿ ಕೂತ ಆಳುಗಳು. ಪಂಖಾ ಎಳೆಯೋರ ಪಾಡೂ ಅದೇ. ಇಡೀ ರಾತ್ರಿ ಹಗ್ಗ ಎಳೀಬೇಕು, ತೂಕಡಿಸಿದರೆ ಒದೆ. ಹಾಗೆ ಒದೆ ತಿಂದು ಸತ್ತವರ ಪ್ರಕರಣಗಳು ಬ್ರಿಟಿಷರ ಕಾಲದ ಕೋರ್ಟಿನವರೆಗೆ ಹೋಗಿವೆ, ಎಷ್ಟೋ ಸಲ ಒದ್ದವನು ಅಲ್ಪ ಶಿಕ್ಷೆಯಲ್ಲಿ ಪಾರಾಗಿದ್ದಾನೆ. ಒಬ್ಬರ ಮೈ ತಣ್ಣಗಿರೋಕೆ ಇನ್ನೊಬ್ಬರ ಮೈ ಬೆವರಬೇಕಿತ್ತು. ತಂಪಿನ ಇತಿಹಾಸ ಓದುವಾಗೆಲ್ಲಾ ನಾನು ಹುಡುಕೋದು ಬಿಲ್ ಯಾರ ಹೆಸರಿಗೆ ಬಂತು ಅಂತ. ಈ ಪ್ರಶ್ನೆ ನೆನಪಲ್ಲಿಟ್ಕೊಳ್ಳಿ, ಮೀನಿನ ತೊಟ್ಟಿಗೂ ಇದು ಬರುತ್ತೆ.

ಪಂಖಾದ ಹಗ್ಗವನ್ನ ಎಲೆಕ್ಟ್ರಿಕ್ ಮೋಟಾರ್ ಬಿಡಿಸಿತು. ಮೀನಿನವರ ಕೈಗೆ ಫ್ಯಾನ್ ಬಂದಿದ್ದು ಮಾತ್ರ ಕಂಪ್ಯೂಟರಿನಿಂದ. 1981ರ ಐಬಿಎಂ ಪಿಸಿಯ ಪವರ್ ಸಪ್ಲೈ ಡಬ್ಬಿಯಲ್ಲೇ ಒಂದು ಫ್ಯಾನ್ ಇತ್ತು. 1993ರಲ್ಲಿ ಪೆಂಟಿಯಂ ಬಂದಾಗ ಆ ಚಿಪ್ ಎಷ್ಟು ಕಾಯ್ತಿತ್ತು ಅಂದ್ರೆ ಅದರ ತಲೆ ಮೇಲೇ ಒಂದು ಫ್ಯಾನ್ ಕೂರಿಸಬೇಕಾಯ್ತು. ಕಂಪ್ಯೂಟರ್ ಹಳತಾದಂತೆಲ್ಲಾ ಗುಜರಿಗೆ ಬಿತ್ತು, ಫ್ಯಾನ್ ಮಾತ್ರ ಇನ್ನೂ ಚೆನ್ನಾಗಿ ತಿರುಗ್ತಿತ್ತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ನಮ್ಮೆಲ್ಲರ ಎಸ್.ಪಿ. ರೋಡ್, ಅಲ್ಲಿ ಇಂಥ ಫ್ಯಾನು ಗೋಣಿಚೀಲದಲ್ಲಿ ರಾಶಿ ಹಾಕಿರ್ತಾರೆ. ಚೌಕಾಸಿ ಮಾಡೋಕೆ ಬರಬೇಕು, ಅಷ್ಟೇ. 12 ವೋಲ್ಟ್ ಡಿಸಿ, ಸದ್ದು ಕಡಿಮೆ, ಕೈ ತಾಗಿದರೆ ಪ್ರಾಣ ಹೋಗಲ್ಲ, ಅಂಗೈ ಅಗಲ. ಮೀನಿನ ತೊಟ್ಟಿಗೆ ಅಂತ ಯಾರೂ ಮಾಡಿದ್ದಲ್ಲ. ಚಿಪ್ಪಿನ ಶಾಖ ಹೊಡೆಯೋಕೆ ಹುಟ್ಟಿದ್ದು ನೀರಿನ ಶಾಖ ಹೊಡೀತಿದೆ.

ಮಾಡೋ ರೀತಿ ಬೇಗ ಹೇಳಿಬಿಡ್ತೀನಿ. 80 ಅಥವಾ 120 ಮಿಲಿಮೀಟರಿನ ಫ್ಯಾನ್, ಹಳೇ ರೂಟರಿನ 12 ವೋಲ್ಟ್ ಅಡಾಪ್ಟರ್. ಫ್ಯಾನ್ ಮೇಲೆ ಬರೆದಿರೋ ವೋಲ್ಟ್, ಆಂಪಿಯರ್ ಅಡಾಪ್ಟರಿಗೆ ಹೊಂದಬೇಕು. ಕೆಂಪು ವೈರ್ ಪಾಸಿಟಿವ್, ಕಪ್ಪು ನೆಗೆಟಿವ್, ಜಾಯಿಂಟಿಗೆ ಟೇಪು ಚೆನ್ನಾಗಿ ಸುತ್ತಿ. ಫ್ಯಾನನ್ನ ತೊಟ್ಟಿಯ ಅಂಚಿಗೆ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸೋ ಹಾಗೆ ಕಟ್ಟಿ. ನೆಟ್ಟಗೆ ಕೆಳಗೆ ಮುಖ ಮಾಡಿಟ್ಟರೆ ಆವಿ ಮತ್ತೆ ಅದೇ ಜಾಗದಲ್ಲಿ ಸುತ್ತುತ್ತೆ. ಒಂದು ಕಡೆಯಿಂದ ಬೀಸಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಮುಚ್ಚಳ ತೆಗೀರಿ, ಬದಲಿಗೆ ಸೊಳ್ಳೆ ಪರದೆ ಕಟ್ಟಿ, ಇಲ್ಲಾಂದ್ರೆ ಮೀನು ಹಾರಿ ನೆಲಕ್ಕೆ ಬೀಳುತ್ತೆ. ಅಡಾಪ್ಟರ್ ನೀರಿನಿಂದ ದೂರ ಇರಲಿ. ಅದು ಮಾತ್ರ 230 ವೋಲ್ಟಿಗೆ ಸಿಕ್ಕಿಸಿರೋದು. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗೋ ಹಾಗಿರಲಿ, ನೀರು ಹರಿದು ಬಂದರೂ ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತೆ. ರಾತ್ರಿಯೂ ಓಡಲಿ, ಬೆಳಗಿನ ಜಾವದ ಪರದಾಟ ನೆನಪಿದೆಯಲ್ಲ.

ಇಷ್ಟು ಮಾಡಿದರೆ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಇಳಿಯುತ್ತೆ. ಆದರೆ ನಿಮ್ಮ ಊರು ಯಾವುದು ಅನ್ನೋದರ ಮೇಲೂ ಹೋಗುತ್ತೆ. ಮಂಗಳೂರಿನ ಕೇಳುಗರು ಈಗ ಮೊಬೈಲು ಸ್ವಲ್ಪ ಹತ್ರ ಹಿಡೀರಿ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಷ್ಟಕ್ಕೆ ಇಳಿದು ನಿಲ್ಲುತ್ತೋ, ಆವಿಯಿಂದ ನೀರು ತಣ್ಣಗಾಗೋ ಮಿತಿ ಅದು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ಗಾಳಿಯ ತೇವಾಂಶ ಶೇ 25 ಅಂತ ಇಟ್ಕೊಳ್ಳಿ, ಆ ಮಿತಿ 21-22 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ, ತೇವಾಂಶ ಶೇ 70 ಅಂದ್ರೆ ಮಿತಿಯೇ 28. ಥರ್ಮಾಮೀಟರ್ ನೋಡಿದರೆ ಮಂಗಳೂರು ನಮಗಿಂತ ತಂಪು, ಫ್ಯಾನಿನ ಲೆಕ್ಕದಲ್ಲಿ ಬಯಲುಸೀಮೆಯೇ ವಾಸಿ. ಒಣಗಾಳಿ ನಮಗೆ ಕೊಟ್ಟಿರೋ ಒಂದೇ ಒಂದು ಲಾಭ ಇದು, ಬಿಡೋದು ಯಾಕೆ? ಹೂಜಿ ಕರಾವಳಿಗಿಂತ ಬಯಲುಸೀಮೆಯಲ್ಲಿ ಹೆಚ್ಚು ತಣ್ಣಗಿರೋದೂ ಇದೇ ಕಾರಣಕ್ಕೆ.

ಈಗ ಬಿಲ್ಲಿಗೆ ಬರೋಣ. ಡೆಬಿಟ್ಟು ಕ್ರೆಡಿಟ್ಟು ನಂಗೆ ಬರೋ ಏಕೈಕ ವಿಜ್ಞಾನ. ಇಂಥ ಫ್ಯಾನಿಗೆ 2 ವ್ಯಾಟ್ ಸಾಕು. ಹಗಲು ರಾತ್ರಿ ಓಡಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತೆ. ದಿನಕ್ಕೆ ಅರ್ಧ ಲೀಟರ್ ಆವಿಯಾಯ್ತು ಅಂದ್ರೆ 14 ವ್ಯಾಟಿನಷ್ಟು ಶಾಖ ನಿಲ್ಲಿಸದೇ ಹೊರಗೆ ಹಾಕಿದ ಹಾಗೆ. 2 ಕೊಟ್ಟು 14 ತಗೊಂಡ್ವಿ. ಯಾವ ಮ್ಯೂಚುವಲ್ ಫಂಡೂ ಇಷ್ಟು ಕೊಡಲ್ಲ.

ಉಳಿದ 12 ಎಲ್ಲಿಂದ ಬಂತು? ನೀರಿನಿಂದ. ಫ್ಯಾನ್ ಏನನ್ನೂ ತಣ್ಣಗೆ ಮಾಡ್ತಿಲ್ಲ, ನೀರು ತನ್ನನ್ನೇ ಖರ್ಚು ಮಾಡ್ಕೊಂಡು ಉಳಿದ ನೀರನ್ನ ತಣ್ಣಗೆ ಮಾಡ್ತಿದೆ. ದಿನಕ್ಕೆ ಅರ್ಧ ಲೀಟರ್ ಅಂದ್ರೆ ತಿಂಗಳಿಗೆ 15 ಲೀಟರ್. ಒಂದು ಬಿಂದಿಗೆ. ಅದೇನು ಮಹಾ ಅನ್ನಬಹುದು, ನಲ್ಲಿ ತಿರುಗಿಸಿದರೆ ಬರೋ ಊರಲ್ಲಿದ್ದರೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. 2024ರ ಬೇಸಿಗೆಗೆ ಬೆಂಗಳೂರಲ್ಲಿ ಟ್ಯಾಂಕರಿಗೆ ಕ್ಯೂ, ಏಪ್ರಿಲ್ ಕೊನೆಗೆ ಅಲ್ಲೇ 38.5 ಡಿಗ್ರಿ. ಮೀನು ಅತಿ ಹೆಚ್ಚು ಕಾದ ವಾರವೇ ಮನೆಯಲ್ಲಿ ನೀರೂ ಅತಿ ಕಡಿಮೆ ಇತ್ತು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಊರು ನಮ್ಮ ಅರಸೀಕೆರೆ. ಇಲ್ಲಿ ತೆರೆದ ಕೆರೆಯ ಮೇಲೂ ಇದೇ ಬಿಸಿಲು, ಇದೇ ಗಾಳಿ ಕೆಲಸ ಮಾಡುತ್ತೆ. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿಯೋದು ಪಂಪಿನಿಂದ ಮಾತ್ರ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಎಷ್ಟೋ ಜನ ಮೀನು ಕಳ್ಕೊಳ್ಳೋದು ಇಲ್ಲೇ. ಆವಿಯಾಗೋದು ಬರೀ ನೀರು, ಉಪ್ಪು ಹೋಗಲ್ಲ. ನಮ್ಮದು ಬೋರ್‌ವೆಲ್ ನೀರು, ಗಡಸು. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ. ಕಡಿಮೆಯಾದ ಅರ್ಧ ಲೀಟರನ್ನ ದಿನಾ ಬೋರ್ ನೀರಿಂದಲೇ ತುಂಬಿಸ್ತಾ ಹೋದರೆ ಹೊಸ ಉಪ್ಪು ಸೇರ್ತಾನೇ ಇರುತ್ತೆ, ಹಳೆಯದು ಹೋಗಲ್ಲ. 40 ಲೀಟರಿನ ತೊಟ್ಟಿಗೆ 80 ದಿನದಲ್ಲಿ 40 ಲೀಟರ್ ಸುರಿದಿರ್ತೀರಿ. ಮಧ್ಯೆ ನೀರು ಬದಲಾಯಿಸದಿದ್ದರೆ ಗಡಸುತನ ಎರಡು ಪಟ್ಟು. ನೋಡೋಕೆ ನೀರು ತಿಳಿಯಾಗೇ ಇರುತ್ತೆ, ಫ್ಯಾನೂ ಓಡ್ತಿರುತ್ತೆ, ಥರ್ಮಾಮೀಟರೂ 27 ತೋರಿಸುತ್ತೆ. ಜೂನ್ ಹೊತ್ತಿಗೆ ಮೀನು ಮಂಕಾಗುತ್ತೆ. ಬೇಸಿಗೆ ದಾಟಿಸಿದ್ವಲ್ಲ ಅಂತ ನಾವು ಸಮಾಧಾನದಲ್ಲಿರೋವಾಗ.

ಹಾಗಾಗಿ ಆವಿಯಾದಷ್ಟು ನೀರು ತುಂಬೋಕೆ ಮೆತ್ತಗಿನ ನೀರು ಬೇಕು. ಹಿಂದಿನ ಮಳೆಗಾಲದಲ್ಲಿ ಹಿಡಿದು ಮುಚ್ಚಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೇದು. ಮೊದಲ ಮಳೆಯದ್ದು ಬೇಡ, ತಾರಸಿಯ ಕೊಳೆ ಬಂದಿರುತ್ತೆ. ಇಲ್ಲ ಅಂದ್ರೆ ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ತಿಂಗಳಿಗೆ ಸಾಕು. ಆದರೆ ನೀರು ಬದಲಾಯಿಸುವಾಗ ಪೂರ್ತಿ ಅದನ್ನೇ ಹಾಕಬೇಡಿ, ಮೀನಿಗೆ ಸ್ವಲ್ಪ ಲವಣ ಬೇಕು. ತೆಗೆದ ಹಳೇ ನೀರನ್ನ ತೆಂಗಿನ ಬುಡಕ್ಕೆ ಹಾಕಿ. ಮೀನಿನ ಗಲೀಜು ಅದಕ್ಕೆ ಗೊಬ್ಬರ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಕಾಲದಲ್ಲಿ ಬೇಸಿಗೆಯ ಕುಡಿಯೋ ನೀರನ್ನ ಎಲ್ಲಿಡ್ತಿದ್ರು ಅಂತ ಕೇಳಿ. ಯಾವ ಮೂಲೆ, ಯಾವ ಕಿಟಕಿ, ಕೆಳಗೆ ಮರಳು ಹಾಕ್ತಿದ್ರಾ, ಬಟ್ಟೆ ಸುತ್ತಿದ್ರಾ. ಎರಡು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೇ ಕೇಳೋಣ. ಅದಾದ ಮೇಲೆ ಸಿಸಿಲಿಯ ಆ ಹೆಣ್ಣುಮಗಳ ಕಥೆ. ಅಲ್ಲಿವರೆಗೆ, ಮಾಲೇಕಲ್ಲಿನಿಂದ ನಮಸ್ಕಾರ.